ಸತ್ಯ ಒಂದೇ ಎನ್ನುವ ಕ್ರೈಸ್ತರು ನಿಜಕ್ಕೂ ಹೇಳುವುದೇನು?

ಭಾದ್ರಪದ ಬಂತೆಂದರೆ ಶಿವಮೊಗ್ಗದ ಕೇರಿಗಳಲ್ಲಿ ಒಂದು ಸಣ್ಣ ಇರಿಸುಮುರಿಸು ತಲೆಯೆತ್ತುತ್ತದೆ. ಗಣಪತಿ ಹಬ್ಬದ ಕಡುಬು, ಪಂಚಕಜ್ಜಾಯ ತಟ್ಟೆಯಲ್ಲಿ ಕುಳಿತು ಅಕ್ಕಪಕ್ಕದ ಮನೆಗಳಿಗೆ ಹೊರಡುತ್ತವೆ. ಕ್ರೈಸ್ತರ ಒಂದು ಮನೆಯಲ್ಲಿ ಅದನ್ನು ಸಂತೋಷದಿಂದ ತೆಗೆದುಕೊಂಡು, ಬರಿ ತಟ್ಟೆ ಹಿಂದಕ್ಕೆ ಹೋಗಬಾರದೆಂದು ನಾಲ್ಕು ಬಾಳೆಹಣ್ಣು ಇಟ್ಟು ಕಳಿಸುತ್ತಾರೆ. ಎರಡು ಮನೆ ಆಚೆಗೆ, ಯುಗಾದಿಯ ಹೋಳಿಗೆಯನ್ನು ಕೇಳಿ ಹಾಕಿಸಿಕೊಂಡು ತಿಂದವರೇ, ‘ಇದು ನೈವೇದ್ಯಕ್ಕೆ ಇಟ್ಟದ್ದಾ?’ ಎಂದು ವಿಚಾರಿಸಿ, ಹೌದೆಂದರೆ ಕೈಮುಗಿದು ಬೇಡವೆನ್ನುತ್ತಾರೆ. ತಟ್ಟೆ ಹಿಡಿದು ಹೋದ ಹುಡುಗ ಮನೆಗೆ ಬಂದು ಕಾರಣ ಕೇಳಿದರೆ ಹಿರಿಯರ ಬಳಿ ನೆಟ್ಟಗಿನ ಉತ್ತರವಿರುವುದಿಲ್ಲ. ‘ಅವರ ದೇವರು ಒಬ್ಬನೇ ಅಂತೆ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ.

ಈಚೆಗೆ ಈ ಪ್ರಶ್ನೆ ಕೇರಿಯನ್ನು ದಾಟಿ ಮೊಬೈಲಿಗೂ ಬಂದಿದೆ. ‘ಎಲ್ಲ ಧರ್ಮದ ಸಾರವೂ ಒಂದೇ’ ಎಂಬ ಶುಭಾಶಯದ ಚಿತ್ರಕ್ಕೂ ‘ಯೇಸುವೊಬ್ಬನೇ ಮಾರ್ಗ’ ಎಂಬ ಗೋಡೆಬರಹದ ಫೋಟೊಕ್ಕೂ ಒಂದೇ ಗುಂಪಿನಲ್ಲಿ ಜಟಾಪಟಿ ನಡೆಯುತ್ತದೆ. ಮದುವೆಯ ಮಾತುಕತೆ, ಮತಾಂತರದ ಚರ್ಚೆ, ಕಾಲೇಜಿನ ಭಾಷಣಸ್ಪರ್ಧೆ ಎಲ್ಲದರಲ್ಲೂ ಅದು ಇಣುಕುತ್ತದೆ. ಕ್ರೈಸ್ತರ ಎಳೆಯರೂ ಇದೇ ಇಕ್ಕಟ್ಟಿನಲ್ಲಿದ್ದಾರೆ. ಭಾನುವಾರ ‘ಇದು ಸತ್ಯ’ ಎಂದು ಪ್ರಮಾಣ ಹೇಳಿ, ಸೋಮವಾರ ತರಗತಿಯಲ್ಲಿ ‘ಸತ್ಯ ಅವರವರ ದೃಷ್ಟಿಗೆ ಬಿಟ್ಟದ್ದು’ ಎಂದು ಪರೀಕ್ಷೆಗೆ ಬರೆಯಬೇಕಾದವರು ಅವರು. ಆದ್ದರಿಂದ ಇದನ್ನು ಬುಡದಿಂದ ನೋಡುವುದು ಒಳ್ಳೆಯದು.

ರುಚಿ, ರೂಢಿ, ಸಂಗತಿ

ನಾವು ದಿನವೂ ಆಡುವ ಮಾತುಗಳಲ್ಲಿ ಎಲ್ಲವೂ ಒಂದೇ ಜಾತಿಯವಲ್ಲ. ಕಳಲೆಯ ಪಲ್ಯ ರುಚಿ ಎನ್ನುವುದು ಹೇಳುವವನ ನಾಲಗೆಗೆ ಸೇರಿದ್ದು. ಹಿರಿಯರೆದುರು ಕಾಲು ಚಾಚಿ ಕೂರಬಾರದು ಎನ್ನುವುದು ಒಂದು ಸಮಾಜದ ರೂಢಿಗೆ ಸೇರಿದ್ದು. ಕೂಡಲಿಯಲ್ಲಿ ತುಂಗೆ ಭದ್ರೆಯನ್ನು ಸೇರುತ್ತದೆ ಎನ್ನುವುದಾದರೋ ಯಾರ ನಾಲಗೆಗೂ, ಯಾರ ರೂಢಿಗೂ ಸೇರಿದ್ದಲ್ಲ. ನಾಳೆ ಎಲ್ಲರೂ ಒಟ್ಟಾಗಿ ಅಲ್ಲವೆಂದರೂ ಆ ಎರಡು ನದಿಗಳು ಅಲ್ಲಿಯೇ ಸೇರುತ್ತವೆ.

ಮಳೆಯನ್ನೇ ತೆಗೆದುಕೊಂಡರೆ ಈ ಭೇದ ಇನ್ನಷ್ಟು ಸ್ಪಷ್ಟವಾಗುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಕಾಣುವ ಆಗುಂಬೆಯವರು ‘ಈ ಸಲ ಅಷ್ಟೇನಿಲ್ಲ’ ಎಂದು ಉಪೇಕ್ಷೆ ಮಾಡುವ ಒಂದು ದಿನದ ಮಳೆ, ಅದರ ಕಾಲು ಭಾಗವನ್ನೂ ಕಾಣದ ಶಿವಮೊಗ್ಗ ಪೇಟೆಯ ಮೇಲೆ ಸುರಿದರೆ ಶಾಲೆಗಳಿಗೆ ರಜೆ ಸಿಗುತ್ತದೆ. ‘ಹೆಚ್ಚು’, ‘ಕಡಿಮೆ’ ಎಂಬ ಮಾತು ಆಡುವವರ ಅನುಭವಕ್ಕೆ ತಕ್ಕಂತೆ ಬದಲಾಗುತ್ತದೆ. ಅಳೆಯುವುದು ಇಂಚಿನಲ್ಲೋ ಮಿಲಿಮೀಟರಿನಲ್ಲೋ ಎಂಬುದು ನಾವು ಮಾಡಿಕೊಂಡ ಏರ್ಪಾಡು. ಆದರೆ ಮಳೆಮಾಪಕದೊಳಗೆ ಬಿದ್ದ ನೀರು ಎಷ್ಟೋ ಅಷ್ಟೇ. ಮಾಪಕ ಕೆಟ್ಟಿರಬಹುದು, ಓದುವವನ ಕಣ್ಣು ಮಂಜಾಗಿರಬಹುದು, ಆ ದಿನ ಯಾರೂ ಓದದೆಯೇ ಇರಬಹುದು. ಅದರಿಂದ ಬಿದ್ದ ನೀರಿನ ಪ್ರಮಾಣವೇನೂ ಬದಲಾಗದು.

ಹೀಗೆ ಯಾರು ನೋಡಲಿ ಬಿಡಲಿ, ಒಪ್ಪಲಿ ಬಿಡಲಿ, ಇದ್ದಂತೆಯೇ ಇರುವುದನ್ನು ‘ನಿರಪೇಕ್ಷ ಸತ್ಯ’ ಎನ್ನುತ್ತಾರೆ. ನೋಡುವವರ ಕಾಲ, ದೇಶ, ಸಂಸ್ಕೃತಿಗಳನ್ನು ಅವಲಂಬಿಸಿ ನಿಜವೋ ಸುಳ್ಳೋ ಆಗುವುದು ‘ಸಾಪೇಕ್ಷ’. ಸತ್ಯವೆಂಬುದೆಲ್ಲ ಸಾಪೇಕ್ಷವೇ, ಅದರಾಚೆ ಅಳತೆಗೋಲಿಲ್ಲ ಎಂಬ ನಿಲುವೇ ಸಾಪೇಕ್ಷವಾದ.

ಇಲ್ಲಿಯೇ ಇನ್ನೊಂದು ಭೇದವನ್ನೂ ಗಮನಿಸಬೇಕು. ಈ ವಿಷಯದ ಜಗಳಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇದನ್ನು ಮರೆಯುವುದರಿಂದ ಎಂದು ನನಗೆ ತೋರುತ್ತದೆ. ಸತ್ಯ ನಿರಪೇಕ್ಷವಾಗಿದೆ ಎನ್ನುವುದು ಒಂದು ಮಾತು. ಆ ಸತ್ಯ ಪೂರ್ತಿಯಾಗಿ ನನಗೆ ಗೊತ್ತಿದೆ ಎನ್ನುವುದು ಬೇರೆಯೇ ಮಾತು. ಮೊದಲನೆಯದು ಸತ್ಯದ ಸ್ವರೂಪವನ್ನು ಕುರಿತದ್ದು, ಎರಡನೆಯದು ನನ್ನ ತಿಳಿವಳಿಕೆಯನ್ನು ಕುರಿತದ್ದು. ಕ್ರೈಸ್ತ ಧರ್ಮ ಅಧಿಕೃತವಾಗಿ ಹೇಳುವುದು ಮೊದಲನೆಯದನ್ನು. ಅದನ್ನು ನಂಬುವ ವ್ಯಕ್ತಿಗಳು ಎಷ್ಟೋ ಸಲ ಎರಡನೆಯದನ್ನೂ ಸೇರಿಸಿಕೊಂಡು ಆಡಿದ್ದಾರೆ. ಕೇಳುವವರೂ ಎರಡನ್ನೂ ಒಂದೇ ಎಂದು ತಿಳಿದು ಸಿಟ್ಟಾಗಿದ್ದಾರೆ.

ಸಾಪೇಕ್ಷವಾದಕ್ಕೆ ಇರುವ ಕಾರಣಗಳು

ಸಾಪೇಕ್ಷವಾದವನ್ನು ಇಂದಿನ ಹುಡುಗರ ಉಡಾಫೆ ಎಂದು ತಳ್ಳಿಹಾಕುವುದು ಸರಿಯಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಚಿಂತಕ ಪ್ರೊಟಗೋರಸನು ಮನುಷ್ಯನೇ ಎಲ್ಲ ವಸ್ತುಗಳಿಗೂ ಅಳತೆಗೋಲು ಎಂದಿದ್ದನು. ಅದೇ ಶತಮಾನದ ಇತಿಹಾಸಕಾರ ಹೆರೊಡೋಟಸನು ಪರ್ಷಿಯಾದ ದೊರೆ ದಾರಿಯಸನ ಆಸ್ಥಾನದ ಪ್ರಸಂಗವೊಂದನ್ನು ಹೇಳುತ್ತಾನೆ: ಸತ್ತ ತಂದೆಯನ್ನು ಸುಡುವ ಗ್ರೀಕರಿಗೂ, ತಂದೆಯ ಶವವನ್ನು ತಿನ್ನುವ ಒಂದು ಭಾರತೀಯ ಬುಡಕಟ್ಟಿಗೂ ಪರಸ್ಪರರ ಪದ್ಧತಿ ಕೇಳುವುದಕ್ಕೇ ಅಸಹ್ಯವೆನಿಸಿತು. ರೂಢಿಯೇ ಎಲ್ಲರ ಅರಸ ಎಂಬುದು ಹೆರೊಡೋಟಸನು ಅದರಿಂದ ತೆಗೆದ ತೀರ್ಮಾನ.

ಇಪ್ಪತ್ತನೆಯ ಶತಮಾನದಲ್ಲಿ ಈ ವಿಚಾರಕ್ಕೆ ಬಲ ಬಂದದ್ದು ಮುಖ್ಯವಾಗಿ ಮಾನವಶಾಸ್ತ್ರದಿಂದ. ಫ್ರಾನ್ಸ್ ಬೋವಾಸ್ ಮತ್ತು ಅವರ ಶಿಷ್ಯರು, ಯೂರೋಪಿನವರ ಅಳತೆಗೋಲಿನಿಂದ ಬೇರೆಯವರನ್ನು ‘ಅನಾಗರಿಕ’ ಎಂದು ಅಳೆಯುವುದು ತಪ್ಪೆಂದು ತೋರಿಸಿದರು. ವಸಾಹತುಶಾಹಿಯ ದರ್ಪವನ್ನು ಕಂಡುಂಡ ನಮ್ಮಂಥ ದೇಶಗಳಿಗೆ ಆ ಮಾತು ಹಿತವಾಗಿ ಕೇಳಿಸಿದ್ದು ಸಹಜ. ‘ಸತ್ಯ ನನ್ನಲ್ಲಿದೆ’ ಎಂದವರು ಯುದ್ಧ ಮಾಡಿದ್ದನ್ನು ಕಂಡ ಜನಕ್ಕೆ, ಸತ್ಯದ ಮಾತನ್ನೇ ಬಿಟ್ಟುಬಿಟ್ಟರೆ ನೆಮ್ಮದಿ ಎನಿಸಿದ್ದೂ ಸಹಜವೇ. (ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಿಂದ ಇದು ಸಾಬೀತಾಯಿತೆಂದು ವಾದಿಸುವವರಿದ್ದಾರೆ. ಆ ಸಿದ್ಧಾಂತ ನಿಂತಿರುವುದೇ, ಯಾರು ಅಳೆದರೂ ಬದಲಾಗದ ಬೆಳಕಿನ ವೇಗದ ಮೇಲೆ.)

ಸಾಪೇಕ್ಷವಾದಕ್ಕೆ ಎದುರಾದ ಹಳೆಯ ಆಕ್ಷೇಪಣೆಯನ್ನು ಪ್ಲೇಟೊ ದಾಖಲಿಸಿದ್ದಾನೆ. ‘ಎಲ್ಲ ಸತ್ಯವೂ ಸಾಪೇಕ್ಷ’ ಎಂಬ ವಾಕ್ಯ ಎಲ್ಲರಿಗೂ ನಿಜವೋ, ಹೇಳಿದವನಿಗಷ್ಟೇ ನಿಜವೋ? ಎಲ್ಲರಿಗೂ ನಿಜವಾದರೆ ಸಾಪೇಕ್ಷವಲ್ಲದ ಸತ್ಯ ಒಂದಾದರೂ ಸಿಕ್ಕಿತು. ಹೇಳಿದವನಿಗಷ್ಟೇ ಆದರೆ ಉಳಿದವರು ಅದನ್ನು ಒಪ್ಪಬೇಕಾಗಿಲ್ಲ. ಇದಕ್ಕೆ ಉತ್ತರವಾಗಿ ಇಂದಿನ ಎಚ್ಚರದ ಸಾಪೇಕ್ಷವಾದಿಗಳು, ತಮ್ಮ ಮಾತು ನೀತಿ, ಮೌಲ್ಯ, ಧರ್ಮಗಳಿಗೆ ಮಾತ್ರ ಅನ್ವಯಿಸುತ್ತದೆಯೇ ಹೊರತು ನದಿ, ಮಳೆಗಳಿಗಲ್ಲ ಎಂದು ಮಿತಿ ಹಾಕಿಕೊಳ್ಳುತ್ತಾರೆ. ಹಾಗಾದರೆ ಧರ್ಮ ಯಾವ ಪಂಗಡಕ್ಕೆ ಸೇರುತ್ತದೆ, ಕಳಲೆಯ ಪಲ್ಯದ ಪಂಗಡಕ್ಕೋ ಕೂಡಲಿಯ ಸಂಗಮದ ಪಂಗಡಕ್ಕೋ? ಕ್ರೈಸ್ತರ ಉತ್ತರ ಇಲ್ಲಿಂದ ಆರಂಭವಾಗುತ್ತದೆ.

ಕ್ರೈಸ್ತರು ನಿರಪೇಕ್ಷವೆನ್ನುವುದು ಯಾವುದನ್ನು?

ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ಭಾನುವಾರದ ಬಲಿಪೂಜೆಗೆ ನಿಂತ ಸಭೆ ಒಟ್ಟಾಗಿ ತನ್ನ ನಂಬಿಕೆಯ ಸಾರವಾದ ವಿಶ್ವಾಸ ಪ್ರಮಾಣವನ್ನು ಹೇಳುತ್ತದೆ. ಕ್ರಿ.ಶ. 325ರಲ್ಲಿ ನೈಸಿಯಾ ನಗರದ ಮಹಾಸಭೆಯಲ್ಲಿ ರೂಪುಗೊಂಡು 381ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ವಿಸ್ತಾರಗೊಂಡ ಆ ಪ್ರಮಾಣದಲ್ಲಿ ದೇವರು, ಸೃಷ್ಟಿ, ಪರಲೋಕಗಳ ನಡುವೆ ಒಬ್ಬ ಸರ್ಕಾರಿ ಅಧಿಕಾರಿಯ ಹೆಸರಿದೆ. ಅವನು ಪೊಂತಿಯ ಪಿಲಾತ, ಕ್ರಿ.ಶ. 26ರಿಂದ 36ರವರೆಗೆ ಯೂದಾಯದ ಮೇಲೆ ರೋಮನ್ನರು ನೇಮಿಸಿದ್ದ ಅಧಿಪತಿ. ಯೇಸು ಅವನ ಅಧಿಕಾರದ ಕಾಲದಲ್ಲಿ ಶಿಲುಬೆಗೇರಿದನೆಂದು ಪ್ರಮಾಣ ಹೇಳುತ್ತದೆ. ಪ್ರಾರ್ಥನೆಯ ನಡುವೆ ಆ ಅಧಿಕಾರಿ ಬಂದು ನಿಂತದ್ದೇಕೆ ಎಂದರೆ, ಹೇಳುತ್ತಿರುವುದು ‘ಒಂದಾನೊಂದು ಕಾಲದಲ್ಲಿ’ ಎಂಬ ಕಥೆಯಲ್ಲ, ಇಂಥ ಊರಿನಲ್ಲಿ ಇಂಥವನ ಆಡಳಿತದಲ್ಲಿ ನಡೆದ ಸಂಗತಿ ಎಂದು ಸಾರುವುದಕ್ಕೆ.

ಯೇಸು ಸತ್ತು ಎದ್ದನೆಂಬ ಪುನರುತ್ಥಾನದ ವಿಚಾರದಲ್ಲಿ ಆದಿ ಕ್ರೈಸ್ತ ಪ್ರಚಾರಕನಾದ ಪೌಲನು ಇನ್ನೂ ನಿಷ್ಠುರ. ಶಿಲುಬೆಯ ಘಟನೆ ನಡೆದು ಸುಮಾರು ಇಪ್ಪತ್ತೈದು ವರ್ಷಗಳೊಳಗೆ ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಅವನು, ಕ್ರಿಸ್ತನು ಎದ್ದುಬರದೆ ಇದ್ದರೆ ನಮ್ಮ ಬೋಧನೆಯೂ ವ್ಯರ್ಥ, ನಿಮ್ಮ ನಂಬಿಕೆಯೂ ವ್ಯರ್ಥ ಎನ್ನುತ್ತಾನೆ. ನಡೆಯದಿದ್ದರೂ ಪರವಾಗಿಲ್ಲ, ಅದರ ಸಂದೇಶ ಒಳ್ಳೆಯದಲ್ಲವೇ ಎಂಬ ಸಮಾಧಾನಕ್ಕೆ ಅವನು ಎಡೆ ಕೊಡುವುದಿಲ್ಲ. ‘ನಿಮಗೆ ಅದು ಸತ್ಯ, ನಮಗೆ ಇದು ಸತ್ಯ’ ಎಂಬ ಸೌಜನ್ಯದ ಮಾತು ಕ್ರೈಸ್ತರಿಗೆ ನಾಲಗೆಗೆ ಹೊಂದದಿರುವುದು ಈ ಕಾರಣಕ್ಕೆ. ಹೊಂದಿಸಿಕೊಳ್ಳಲು ಹೋದರೆ ಅವರ ಧರ್ಮ ಸಂಗತಿಯ ಪಂಗಡವನ್ನು ಬಿಟ್ಟು ರುಚಿಯ ಪಂಗಡಕ್ಕೆ ಜಾರುತ್ತದೆ. ಬಿದ್ದ ಮಳೆಗೆ ಮಾಪಕವಿರುವಂತೆ ಪುನರುತ್ಥಾನಕ್ಕೆ ಮಾಪಕವಿಲ್ಲ, ನಿಜ. ಅದನ್ನು ನಂಬುವವರು ಆದಿಸಾಕ್ಷಿಗಳ ಮಾತನ್ನು ಆಧಾರವಾಗಿ ಹಿಡಿಯುತ್ತಾರೆ. ನಂಬದವರು ಆ ಸಾಕ್ಷ್ಯ ಸಾಲದೆನ್ನುತ್ತಾರೆ. ಆದರೆ ನಡೆದಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಎರಡರಲ್ಲಿ ಒಂದೇ ಎಂಬಲ್ಲಿ ಇಬ್ಬರದೂ ಒಮ್ಮತ.

ಎರಡನೆಯ ಅಂಶ ಸ್ವಲ್ಪ ಸೂಕ್ಷ್ಮವಾದದ್ದು. ಯೊವಾನ್ನನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಯೇಸು, ನಾನೇ ಮಾರ್ಗ, ಸತ್ಯ, ಜೀವ ಎನ್ನುತ್ತಾನೆ. ನನ್ನ ಮೂಲಕವಲ್ಲದೆ ಯಾರೂ ತಂದೆಯ ಬಳಿಗೆ ಬರುವುದಿಲ್ಲ ಎಂದೂ ಸೇರಿಸುತ್ತಾನೆ. ಗೋಡೆಬರಹಗಳ ಮೂಲ ಇದೇ. ಇಲ್ಲಿ ಸತ್ಯವೆಂದರೆ ಒಂದು ಸಿದ್ಧಾಂತವಲ್ಲ, ಒಬ್ಬ ವ್ಯಕ್ತಿ. ಸಿದ್ಧಾಂತವನ್ನು ಕಂಠಪಾಠ ಮಾಡಿ ಕೈವಶ ಮಾಡಿಕೊಳ್ಳಬಹುದು, ವ್ಯಕ್ತಿಯನ್ನು ಹಾಗೆ ಕೈವಶ ಮಾಡಿಕೊಳ್ಳಲಾಗದು. 2013ರಲ್ಲಿ ಪೋಪ್ ಫ್ರಾನ್ಸಿಸ್ ಇಟಲಿಯ ನಾಸ್ತಿಕ ಪತ್ರಕರ್ತರೊಬ್ಬರಿಗೆ ಬರೆದ ಪತ್ರದಲ್ಲಿ, ಯಾವ ಸಂಬಂಧವೂ ಇಲ್ಲದೆ ಬೇರ್ಪಟ್ಟು ನಿಂತದ್ದು ಎಂಬ ಅರ್ಥದಲ್ಲಿ ‘ನಿರಪೇಕ್ಷ’ ಎಂದು ತಾವು ಹೇಳುವುದಿಲ್ಲ, ಕ್ರೈಸ್ತರಿಗೆ ಸತ್ಯವೆಂದರೆ ಒಂದು ಸಂಬಂಧ ಎಂದು ವಿವರಿಸಿದರು. ಪೋಪರೂ ಸಾಪೇಕ್ಷವಾದಿಯಾದರೆಂದು ಕೆಲವರು ಹೌಹಾರಿದರು. ಅವರು ಅದೇ ಪತ್ರದಲ್ಲಿ, ಸತ್ಯ ಬದಲಾಗುವಂಥದ್ದು ಎಂದು ಇದರ ಅರ್ಥವಲ್ಲ ಎಂದೂ ಬರೆದಿದ್ದರು.

ಮೂರನೆಯದು ಅರಿವಿನ ಮಿತಿ. ಈಗ ನಾವು ಕಾಣುವುದು ಕನ್ನಡಿಯಲ್ಲಿ ಕಂಡಂತೆ ಮಬ್ಬುಮಬ್ಬಾಗಿ ಎಂದು ಪೌಲನು ಕೊರಿಂಥದವರಿಗೆ ಬರೆದ ಅದೇ ಪತ್ರದಲ್ಲಿ ಹೇಳುತ್ತಾನೆ. ನೀನು ಪೂರ್ತಿ ಗ್ರಹಿಸಿದೆಯಾದರೆ ಅದು ದೇವರಲ್ಲ ಎನ್ನುವುದು ಸಂತ ಅಗಸ್ಟೀನನ ಪ್ರಸಿದ್ಧವಾದ ಮಾತು.

ಪ್ರಸಾದದ ತಟ್ಟೆ, ತೆನೆಯ ಹಬ್ಬ

ಇಷ್ಟು ತಿಳಿದ ಮೇಲೆ ಗಣಪತಿ ಹಬ್ಬದ ತಟ್ಟೆಯ ಪ್ರಶ್ನೆಗೆ ಬರಬಹುದು. ಈ ಪ್ರಶ್ನೆಗೆ ಎರಡು ಸಾವಿರ ವರ್ಷಗಳ ವಯಸ್ಸಾಗಿದೆ. ಕೊರಿಂಥ ಪಟ್ಟಣದ ಸಂತೆಯಲ್ಲಿ ಮಾರುತ್ತಿದ್ದ ಮಾಂಸದಲ್ಲಿ ಎಷ್ಟೋ ಪಾಲು ಅಲ್ಲಿನ ದೇವಾಲಯಗಳಲ್ಲಿ ಅರ್ಪಿತವಾಗಿ ಬಂದದ್ದು. ಅದನ್ನು ಕೊಂಡು ತಿನ್ನಬಹುದೇ ಎಂದು ಅಲ್ಲಿನ ಕ್ರೈಸ್ತರಲ್ಲಿ ಒಡಕು ಹುಟ್ಟಿತ್ತು. ಪೌಲನು ಕೊಟ್ಟ ಉತ್ತರ ಒಂದೇ ಸಾಲಿನದಲ್ಲ. ಆಹಾರದಲ್ಲಿ ತನ್ನಷ್ಟಕ್ಕೆ ದೋಷವಿಲ್ಲ, ಸಂತೆಯಲ್ಲಿ ಕೊಂಡದ್ದನ್ನು ಕೆದಕಿ ಕೇಳದೆ ತಿನ್ನಿ ಎನ್ನುತ್ತಾನೆ. ಯಾರಾದರೂ ಊಟಕ್ಕೆ ಕರೆದರೆ ಬಡಿಸಿದ್ದನ್ನು ಉಣ್ಣಿ ಎನ್ನುತ್ತಾನೆ. ಆದರೆ ಇದು ದೇವತೆಗೆ ಅರ್ಪಿಸಿದ್ದು ಎಂದು ಒಬ್ಬರು ಬಾಯಿಬಿಟ್ಟು ಹೇಳಿದರೆ, ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ತಿನ್ನಬೇಡಿ ಎನ್ನುತ್ತಾನೆ. ಅನ್ಯ ಆರಾಧನೆಯಲ್ಲಿಯೇ ಪಾಲುಗೊಳ್ಳುವುದು ಮಾತ್ರ ಕೂಡದೆಂದು ಖಂಡಿತವಾಗಿ ಬರೆಯುತ್ತಾನೆ.

ಕಡುಬು ಬೇಡವೆಂದ ಮನೆಯವರು ಕೇಳಿದ ಪ್ರಶ್ನೆಯ ಬೇರು ಇಲ್ಲಿದೆ. ಪ್ರಸಾದವನ್ನು ಅವರು ತಿಂಡಿಯೆಂದು ನೋಡದೆ ಆರಾಧನೆಯ ಮುಂದುವರಿಕೆಯೆಂದು ನೋಡುತ್ತಾರೆ. ಕೊಟ್ಟವರ ದೃಷ್ಟಿಯಲ್ಲಿಯೂ ಅದು ಬರಿಯ ತಿಂಡಿಯಲ್ಲವಷ್ಟೆ? ಹಾಗೆ ನೋಡಿದರೆ ಬೇಡವೆಂದವರು ಪ್ರಸಾದವನ್ನು ಹಗುರವಾಗಿ ಕಂಡಿಲ್ಲ. ತೆಗೆದುಕೊಂಡ ಮನೆಯವರು ತಿಂಡಿ ತಿಂಡಿಯೇ, ನೆರೆಯವರ ಪ್ರೀತಿ ದೊಡ್ಡದು ಎಂಬ ಪೌಲನ ಇನ್ನೊಂದು ಮಾತನ್ನು ಹಿಡಿದಿದ್ದಾರೆ. ಪಂಗಡಗಳ ಒಲವೂ ಇದರಲ್ಲಿ ಕೆಲಸ ಮಾಡುತ್ತದೆ: ಕಥೋಲಿಕರಲ್ಲಿ ತೆಗೆದುಕೊಳ್ಳುವವರು ಹೆಚ್ಚಾಗಿ ಕಂಡರೆ, ಪೆಂತೆಕೋಸ್ತ ಸಭೆಗಳವರು ಸಾಮಾನ್ಯವಾಗಿ ನಿರಾಕರಿಸುತ್ತಾರೆ, ಪ್ರೊಟೆಸ್ಟೆಂಟರ ವೆಸ್ಲಿಯನ್ ಮಿಷನ್ನಿನ ಪರಂಪರೆಯಿಂದ ಬಂದು 1947ರಿಂದ ದಕ್ಷಿಣ ಭಾರತ ಸಭೆಗೆ ಸೇರಿದ ಕುಟುಂಬಗಳಲ್ಲಿ ಎರಡೂ ಬಗೆಯವರಿದ್ದಾರೆ. ನಿರಪೇಕ್ಷ ಸತ್ಯವನ್ನು ಸಾರುವ ಧರ್ಮವೇ ಊಟದ ವಿಚಾರವನ್ನು ಅವರವರ ಮನಸ್ಸಾಕ್ಷಿಗೆ ಬಿಟ್ಟಿದೆ ಎಂಬುದು ಗಮನಿಸಬೇಕಾದ ಸಂಗತಿ.

ಬದಲಾಗುವುದು, ಬದಲಾಗದ್ದು ಎಂಬ ಈ ಗೆರೆಯನ್ನು ಮಲೆನಾಡಿನ ಕೊಂಕಣಿ ಕಥೋಲಿಕರ ಮೊಂತಿ ಹಬ್ಬದಲ್ಲಿ ಕಣ್ಣಾರೆ ಕಾಣಬಹುದು. ಸೆಪ್ಟೆಂಬರ್ 8 ಮರಿಯಮ್ಮನ ಜನ್ಮದಿನ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬೇಲಿ, ಹಿತ್ತಲುಗಳ ಹೂ ಆರಿಸಿ ತಂದು ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಮನೆಗೂ ಹಂಚುತ್ತಾರೆ. ಮನೆಯಲ್ಲಿ ಆ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಸೇರಿ ಕುಡಿಯುತ್ತಾರೆ. ಮೀನು ಮಾಂಸವಿಲ್ಲದೆ ಬಾಳೆಲೆಯ ಮೇಲೆ ಆ ಮಧ್ಯಾಹ್ನದ ಊಟ. ಹೊಸ ಅಕ್ಕಿಯ ಊಟ ಮಾಡುವ ಮಲೆನಾಡಿನ ಯಾವ ರೈತನಿಗೂ ಇದು ಪರಕೀಯವೆನಿಸುವುದಿಲ್ಲ. ರೋಮಿನಲ್ಲಿ ಈ ತೆನೆಯೂ ಇಲ್ಲ, ಬಾಳೆಲೆಯೂ ಇಲ್ಲ. ಇರಬೇಕೆಂಬ ನಿಯಮವೂ ಇಲ್ಲ. 1960ರ ದಶಕದವರೆಗೆ ಲ್ಯಾಟಿನ್ನಿನಲ್ಲಿದ್ದ ಪೂಜೆ ಇಂದು ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ನಡೆಯುತ್ತದೆ. ಭಾಷೆ, ಉಡುಪು, ಊಟ, ಹಾಡು ಇವೆಲ್ಲ ದೇಶಕಾಲಕ್ಕೆ ತಕ್ಕಂತೆ. ವಿಶ್ವಾಸ ಪ್ರಮಾಣ ಮಾತ್ರ ಎಲ್ಲೆಡೆಯೂ ಅದೇ. ಯೆಹೂದ್ಯರಲ್ಲದವರು ಸುನ್ನತಿ ಮಾಡಿಸಿಕೊಳ್ಳಬೇಕಾಗಿಲ್ಲ ಎಂದು ಮೊದಲ ಶತಮಾನದಲ್ಲಿ ಜೆರುಸಲೇಮಿನಲ್ಲಿ ಸೇರಿದ ಪ್ರೇಷಿತರು, ಅಂದರೆ ಯೇಸುವಿನ ಆದಿಶಿಷ್ಯರು, ತೀರ್ಮಾನಿಸಿದಂದಿನಿಂದ ಈ ವಿಂಗಡಣೆ ನಡೆದೇ ಇದೆ.

ಮಲೆನಾಡಿನ ಪರಂಪರೆಗಳು ಸಾಪೇಕ್ಷವಾದಿಗಳೇ?

‘ನಮ್ಮಲ್ಲಿ ಎಲ್ಲ ದಾರಿಯೂ ಸರಿ, ಅವರಲ್ಲಿ ಒಂದೇ ದಾರಿ’ ಎಂದು ಮೇಲ್ನೋಟಕ್ಕೆ ಹೇಳಿಬಿಡುವುದುಂಟು. ನಮ್ಮ ಪರಂಪರೆಗಳನ್ನು ಹತ್ತಿರದಿಂದ ನೋಡಿದರೆ ಚಿತ್ರ ಅಷ್ಟು ಸರಳವಾಗಿಲ್ಲ.

ಹೊಸನಗರ ತಾಲ್ಲೂಕಿನ ಹೊಂಬುಜ ಜೈನರ ಪ್ರಾಚೀನ ಕ್ಷೇತ್ರ. ವಸ್ತುವಿಗೆ ಅನೇಕ ಮುಖಗಳಿವೆ, ನಾವು ಆಡುವ ಪ್ರತಿಯೊಂದು ಮಾತೂ ಒಂದು ದೃಷ್ಟಿಯಿಂದ ಮಾತ್ರ ನಿಜ ಎನ್ನುವ ಅನೇಕಾಂತವಾದ ಜೈನರದು. ಇದು ಸಾಪೇಕ್ಷವಾದದಂತೆಯೇ ಕಾಣುತ್ತದೆ. ಆದರೆ ಎಲ್ಲ ಮುಖಗಳನ್ನೂ ಒಮ್ಮೆಗೇ ಕಾಣುವ ಕೇವಲಜ್ಞಾನವಿದೆ ಎಂದೂ, ತೀರ್ಥಂಕರರು ಅದನ್ನು ಪಡೆದರೆಂದೂ ಜೈನರು ನಂಬುತ್ತಾರೆ. ಮಿತಿ ಇರುವುದು ನಮ್ಮ ಅರಿವಿಗೆ, ವಸ್ತುವಿಗಲ್ಲ. ಶೃಂಗೇರಿಯ ಅದ್ವೈತವೂ ವ್ಯಾವಹಾರಿಕ ಸತ್ಯ, ಪಾರಮಾರ್ಥಿಕ ಸತ್ಯ ಎಂಬ ಎರಡು ಹಂತಗಳನ್ನು ಒಪ್ಪುತ್ತದೆ. ಪಾರಮಾರ್ಥಿಕವಾಗಿ ಬ್ರಹ್ಮವೊಂದೇ ಸತ್ಯ ಎನ್ನುವಾಗ ಅದು ಆಡುತ್ತಿರುವುದು ನಿರಪೇಕ್ಷ ಸತ್ಯದ ಮಾತನ್ನೇ. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನನೊಬ್ಬನೇ ಗಂಡ. ಶರಣರ ಏಕದೇವನಿಷ್ಠೆ ಎಷ್ಟು ಬಿಗಿಯಾದದ್ದೆಂದು ವಚನಗಳನ್ನು ಓದಿದವರಿಗೆ ಗೊತ್ತು.

ಅದೇ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಮಠದ ಬಗ್ಗೆ 1162ರ ಶಾಸನವೊಂದಿದೆ. ಅಲ್ಲಿ ವೇದ, ವ್ಯಾಕರಣ, ನ್ಯಾಯ, ಸಾಂಖ್ಯ, ಬೌದ್ಧ ಮುಂತಾದ ಶಾಸ್ತ್ರ ದರ್ಶನಗಳ ಅಧ್ಯಯನ ನಡೆಯುತ್ತಿತ್ತೆಂದೂ ದೀನ ಅನಾಥರಿಗೆ ಅನ್ನದಾನವಿತ್ತೆಂದೂ ಅದು ಹೇಳುತ್ತದೆ. ಆ ಮಠ ಕಾಳಾಮುಖ ಶೈವರದು. ಪರದರ್ಶನಗಳನ್ನು ಕಲಿಸಿದರೆಂದ ಮಾತ್ರಕ್ಕೆ ಎಲ್ಲವೂ ಸರಿಯೆಂದು ಅವರು ಭಾವಿಸಿದ್ದರೆಂದಲ್ಲ. ಆ ಕಾಲದ ವಿದ್ವಾಂಸರು ವಾದಕ್ಕೆ ನಿಲ್ಲುತ್ತಿದ್ದರು, ಗೆಲ್ಲುತ್ತಿದ್ದರು, ಸೋಲುತ್ತಿದ್ದರು. ಜೈನ ಪಂಡಿತರೊಬ್ಬರಿಗೆ ‘ವಾದೀಭಸಿಂಹ’, ಅಂದರೆ ವಾದಿಗಳೆಂಬ ಆನೆಗಳಿಗೆ ಸಿಂಹ, ಎಂಬ ಬಿರುದೇ ಇತ್ತು. ಯಾರ ಮಾತೂ ಸುಳ್ಳಾಗಲಾರದು ಎಂದಿದ್ದರೆ ವಾದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಅನ್ನದಾನ ಮತ್ತು ವಾದ ಒಂದೇ ಮಠದ ಅಂಗಳದಲ್ಲಿ ನಡೆದದ್ದನ್ನು ನೋಡಿದರೆ, ಭಿನ್ನಾಭಿಪ್ರಾಯದ ನಡುವೆಯೂ ಗೌರವ ಉಳಿಯಬಲ್ಲದೆಂಬುದಕ್ಕೆ ನಮ್ಮ ನೆಲದಲ್ಲಿ ಹಳೆಯ ಆಧಾರವೇ ಇದೆ.

ಹಾಗಾದರೆ ಕ್ರೈಸ್ತರಿಗೂ ಇವರಿಗೂ ಅಂತರವೇ ಇಲ್ಲವೇ? ಇದೆ, ದೊಡ್ಡದೇ ಇದೆ. ಅನಂತವಾದ ಸತ್ಯ ಒಂದು ನಿರ್ದಿಷ್ಟ ಕಾಲದಲ್ಲಿ, ಒಬ್ಬ ನಿರ್ದಿಷ್ಟ ಮನುಷ್ಯನಲ್ಲಿ, ಒಂದೇ ಒಂದು ಸಲ ಪೂರ್ಣವಾಗಿ ಪ್ರಕಟವಾಯಿತು ಎಂಬುದನ್ನು ಅದ್ವೈತಿಯಾಗಲಿ ಜೈನನಾಗಲಿ ಒಪ್ಪುವುದಿಲ್ಲ. ಒಬ್ಬನು ಸತ್ಯವಿದೆ ಎನ್ನುವವನು, ಇನ್ನೊಬ್ಬನು ಇಲ್ಲವೆನ್ನುವವನು ಎಂಬಂತೆ ನಮ್ಮ ಕೇರಿಯ ಜಗಳವನ್ನು ಚಿತ್ರಿಸುವುದು ತಪ್ಪು. ಇದು ಸತ್ಯವಿದೆ ಎನ್ನುವ ಇಬ್ಬರ ನಡುವೆ, ಅದು ಹೇಗೆ ಗೋಚರವಾಗುತ್ತದೆ ಎಂಬುದರ ಬಗೆಗಿನ ಚರ್ಚೆ.

ಚಂದ್ರಗುತ್ತಿ ಎತ್ತಿದ ಪ್ರಶ್ನೆ

ನೀತಿಯ ವಿಷಯಕ್ಕೆ ಬಂದರೆ ಸಾಪೇಕ್ಷವಾದ ತತ್ತ್ವಶಾಸ್ತ್ರದ ತರಗತಿಯಿಂದ ಬೀದಿಗೆ ಇಳಿಯುತ್ತದೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯಲ್ಲಿ ಬೆತ್ತಲೆ ಸೇವೆ ರೂಢಿಯಲ್ಲಿತ್ತು. ಅದಕ್ಕೆ ಹೆಚ್ಚಾಗಿ ಒಳಗಾಗುತ್ತಿದ್ದವರು ಬಡ, ಕೆಳಜಾತಿಯ ಹೆಂಗಸರು. 1986ರಲ್ಲಿ ದಲಿತ ಸಂಘರ್ಷ ಸಮಿತಿ ಮತ್ತಿತರ ಸಂಘಟನೆಗಳು ಅದನ್ನು ವಿರೋಧಿಸಿದಾಗ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆಯಾಯಿತು. ಅನಂತರ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಅದು ಅವರ ಪದ್ಧತಿ, ಕೇಳಲು ನೀವು ಯಾರು ಎಂಬುದು ಒಂದು ಕಡೆಯ ವಾದವಾಗಿತ್ತು. ಯಾವ ಪದ್ಧತಿಯ ಹೆಸರಿನಲ್ಲಿಯೂ ಹೆಣ್ಣಿನ ಘನತೆಯನ್ನು ಕಳೆಯುವಂತಿಲ್ಲ ಎಂಬುದು ಇನ್ನೊಂದು ಕಡೆಯದು. ಎರಡನೆಯ ವಾದವನ್ನು ಮಂಡಿಸಿದವರು ಕ್ರೈಸ್ತರಲ್ಲ, ಹಲವರು ದೇವರನ್ನೇ ನಂಬದವರು. ಆದರೂ ಅವರು ಹಿಡಿದದ್ದು ರೂಢಿಗೆ ಮೀರಿದ ಒಂದು ಅಳತೆಗೋಲನ್ನು.

ಕ್ರೈಸ್ತ ನೀತಿಶಾಸ್ತ್ರ ಇಂಥ ಅಳತೆಗೋಲಿಗೆ ಕೊಡುವ ಆಧಾರ ಒಂದೇ: ಪ್ರತಿಯೊಬ್ಬ ಮನುಷ್ಯನೂ ದೇವರ ಪ್ರತಿರೂಪ. ಕೆಲವು ಕೃತ್ಯಗಳು ಯಾವ ಕಾಲದಲ್ಲಿಯೂ ಯಾವ ದೇಶದಲ್ಲಿಯೂ ಯಾವ ಸದುದ್ದೇಶದಿಂದಲೂ ಸರಿಯಾಗಲಾರವು ಎಂದು ಪೋಪ್ ಎರಡನೆಯ ಜಾನ್ ಪೌಲ್ 1993ರಲ್ಲಿ ಹೊರಡಿಸಿದ ವಿಶ್ವಪತ್ರದಲ್ಲಿ ಒತ್ತಿ ಹೇಳಿದರು. 2005ರ ಏಪ್ರಿಲ್ 18ರಂದು, ಮರುದಿನವೇ ಪೋಪ್ ಹದಿನಾರನೆಯ ಬೆನೆಡಿಕ್ಟ್ ಆಗಿ ಆಯ್ಕೆಯಾಗಲಿದ್ದ ಕಾರ್ಡಿನಲ್ ರಾಟ್ಸಿಂಗರ್, ತನ್ನ ಸ್ವಂತ ಅಹಂಕಾರ ಮತ್ತು ಬಯಕೆಗಳನ್ನೇ ಕಡೆಯ ಅಳತೆಯಾಗಿ ಬಿಡುವ ‘ಸಾಪೇಕ್ಷವಾದದ ಸರ್ವಾಧಿಕಾರ’ ಬೆಳೆಯುತ್ತಿದೆ ಎಂದು ಎಚ್ಚರಿಸಿದರು. ಈ ಅಳತೆಗೋಲನ್ನು ಕ್ರೈಸ್ತರು ತಮ್ಮ ಮನೆಯೊಳಗೂ ಸರಿಯಾಗಿ ಬಳಸಿದ್ದಾರೆಯೇ ಎಂದರೆ, ಭಾರತದ ಚರ್ಚುಗಳಲ್ಲಿ ಜಾತಿ ಉಳಿದುಬಂದದ್ದನ್ನು ನೋಡಿದವರು ಇಲ್ಲವೆನ್ನುತ್ತಾರೆ.

ಸತ್ಯದ ಹೆಸರಿನಲ್ಲಿ ಬಲವಂತ

ನಿರಪೇಕ್ಷ ಸತ್ಯವೆಂದ ಕೂಡಲೇ ಜನ ಹೆದರುವುದಕ್ಕೆ ಇತಿಹಾಸದ ಕಾರಣಗಳಿವೆ, ಅವುಗಳಲ್ಲೊಂದು ನಮ್ಮ ಪ್ರದೇಶಕ್ಕೆ ನೇರವಾಗಿ ತಾಗಿದ್ದು. ಪೋರ್ಚುಗೀಸ್ ಆಳ್ವಿಕೆಯ ಗೋವೆಯ ಮತೀಯ ವಿಚಾರಣಾ ಮಂಡಳಿ 1560ರಲ್ಲಿ ಆರಂಭವಾಗಿ, ನಡುವೆ ಕೆಲವು ವರ್ಷ ನಿಂತು, 1812ರಲ್ಲಿ ಕೊನೆಗೊಂಡಿತು. ಅದರ ಕಾಟ ಹಿಂದೂಗಳಿಗೆ ಮಾತ್ರವಲ್ಲ, ಮತಾಂತರವಾದ ಮೇಲೂ ಹಳೆಯ ಪದ್ಧತಿಗಳನ್ನು ಬಿಡದ ಕ್ರೈಸ್ತರಿಗೂ ತಟ್ಟಿತು. ಮದುವೆಯ ಶಾಸ್ತ್ರ, ಉಡುಪು, ಊಟದಂಥ ರೂಢಿಗಳೂ ಅಪರಾಧಗಳಾದವು. ಬದಲಾಗುವುದು, ಬದಲಾಗದ್ದು ಎಂದು ಮೇಲೆ ಹೇಳಿದ ವಿಂಗಡಣೆಯನ್ನೇ ಮರೆತ ಆಡಳಿತವದು. ಅದರಿಂದಲೂ ಯುದ್ಧ, ಕ್ಷಾಮಗಳಿಂದಲೂ ಬೇಸತ್ತು ದಕ್ಷಿಣಕ್ಕೆ ಬಂದು ಕರಾವಳಿಯಲ್ಲಿ ನೆಲೆಸಿದ ಕುಟುಂಬಗಳ ಮುಂದಿನ ತಲೆಮಾರುಗಳೇ ಘಟ್ಟ ಹತ್ತಿ ಮಲೆನಾಡಿನ ಕೊಂಕಣಿ ಕಥೋಲಿಕರಾದದ್ದು. ಅಂದರೆ, ಸತ್ಯದ ಹೆಸರಿನ ಬಲವಂತದಿಂದ ನೊಂದವರಲ್ಲಿ ಈ ಸಮುದಾಯದ ಪೂರ್ವಿಕರೂ ಸೇರಿದ್ದಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿಯೂ ಪೋಪರು ಮತಸ್ವಾತಂತ್ರ್ಯವನ್ನು ಖಂಡಿಸುತ್ತಿದ್ದರು. ತಪ್ಪಿಗೆ ಹಕ್ಕಿಲ್ಲ ಎಂಬುದು ಅಂದಿನ ತರ್ಕ. ಕಥೋಲಿಕ ಬಿಷಪ್ಪರು ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ಮತಸ್ವಾತಂತ್ರ್ಯದ ಘೋಷಣೆ ಈ ತರ್ಕವನ್ನು ತಿರುಗಿಸಿ ನಿಲ್ಲಿಸಿತು: ಹಕ್ಕುಗಳಿರುವುದು ಸತ್ಯಕ್ಕೋ ತಪ್ಪಿಗೋ ಅಲ್ಲ, ಮನುಷ್ಯನಿಗೆ, ಸತ್ಯ ತನ್ನ ಸ್ವಂತ ಬಲದಿಂದಲ್ಲದೆ ಬೇರೆ ಯಾವುದರಿಂದಲೂ ಮನಸ್ಸಿನ ಮೇಲೆ ಹೇರಿಕೊಳ್ಳುವುದಿಲ್ಲ. ಅದರ ಪರವಾಗಿ 2,308 ಮತಗಳೂ ವಿರೋಧವಾಗಿ 70 ಮತಗಳೂ ಬಿದ್ದವು. ಅದೇ ವರ್ಷದ ಅಕ್ಟೋಬರ್ 28ರ ಇನ್ನೊಂದು ಘೋಷಣೆ, ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದಿತು. 2000ದ ಮಾರ್ಚ್ 12ರಂದು ಜಾನ್ ಪೌಲ್ ನಡೆಸಿದ ಕ್ಷಮಾಯಾಚನೆಯ ಪ್ರಾರ್ಥನೆಯಲ್ಲಿ ‘ಸತ್ಯದ ಸೇವೆಯಲ್ಲಿ ಮಾಡಿದ ಪಾಪಗಳು’ ಎಂಬ ಪ್ರತ್ಯೇಕ ಭಾಗವೇ ಇತ್ತು.

ನಮ್ಮ ದೇಶದ ಕಾನೂನಿನ ಗೆರೆಯೂ ಇದಕ್ಕೆ ಹತ್ತಿರದ್ದು. ಸಂವಿಧಾನದ 25ನೆಯ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮವನ್ನು ಅನುಸರಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಅರ್ಥೈಸಿತು.

ಕ್ರೈಸ್ತರ ಒಳಗಿನ ವಾದ

ಕ್ರಿಸ್ತನಲ್ಲಿ ಸತ್ಯ ಪೂರ್ಣವಾಗಿ ಪ್ರಕಟವಾಗಿದ್ದರೆ ಬೇರೆ ಧರ್ಮದವರ ಗತಿಯೇನು ಎಂಬ ಪ್ರಶ್ನೆಗೆ ಕ್ರೈಸ್ತರು ಒಂದೇ ಉತ್ತರ ಕೊಡುವುದಿಲ್ಲ. ಕ್ರಿಸ್ತನನ್ನು ತಿಳಿದು ನಂಬಿದವರಿಗೆ ಮಾತ್ರ ಮೋಕ್ಷ ಎನ್ನುವವರಿದ್ದಾರೆ. ತಮ್ಮದಲ್ಲದ ಕಾರಣದಿಂದ ಅವನನ್ನು ಅರಿಯದೆ, ಮನಸ್ಸಾಕ್ಷಿಯಂತೆ ದೇವರನ್ನು ಅರಸುವವರಿಗೂ ಮೋಕ್ಷ ಸಾಧ್ಯ, ಅದು ಅವರಿಗೆ ಗೊತ್ತಿಲ್ಲದೆಯೇ ಕ್ರಿಸ್ತನ ಮೂಲಕ ದೊರೆಯುತ್ತದೆ ಎನ್ನುವುದು ಇಂದಿನ ಕಥೋಲಿಕ ಬೋಧನೆ. ಇದರಾಚೆಗೂ ಹೋದವರಿದ್ದಾರೆ.

1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಅಂಥವರು. ಮಂಗಳೂರು, ಬೆಂಗಳೂರುಗಳ ದೈವಶಾಸ್ತ್ರ ಕಾಲೇಜುಗಳಲ್ಲಿ ಪಾಠ ಹೇಳಿ, ಜಾಗತಿಕ ಚರ್ಚುಗಳ ಮಂಡಳಿಯ ಧರ್ಮಸಂವಾದ ವಿಭಾಗದ ಮೊದಲ ನಿರ್ದೇಶಕರಾದವರು. ದೇವರ ರಹಸ್ಯವನ್ನು ಯಾವ ಒಂದು ಧರ್ಮವೂ ಬರಿದು ಮಾಡಲಾರದು, ಆದ್ದರಿಂದ ಕ್ರೈಸ್ತರು ತಮ್ಮ ನಿಷ್ಠೆಯನ್ನು ಬಿಡದೆ, ಉಳಿದವರ ಮೇಲೆ ಹಕ್ಕುಸ್ಥಾಪನೆಯ ಮಾತನ್ನು ಬಿಡಬೇಕು ಎಂಬುದು ಅವರ ನಿಲುವಾಗಿತ್ತು. ಇದಕ್ಕೆ ಎದುರು ದಿಕ್ಕಿನಲ್ಲಿ ನಿಂತವರು, ತಮಿಳುನಾಡಿನಲ್ಲಿ ದಶಕಗಳನ್ನು ಕಳೆದು ಮಧುರೆಯ ಬಿಷಪ್ಪರಾಗಿದ್ದ ಲೆಸ್ಲಿ ನ್ಯೂಬಿಗಿನ್. ಕುರುಡರು ಆನೆಯನ್ನು ಮುಟ್ಟಿ ಕಂಬವೆಂದೂ ಮೊರವೆಂದೂ ಜಗಳವಾಡಿದ ಕಥೆಯನ್ನು ಎತ್ತಿಕೊಂಡು ಅವರು ಕೇಳಿದ್ದು ಇಷ್ಟೇ: ಅವರು ಮುಟ್ಟಿದ್ದು ಒಂದೇ ಆನೆಯನ್ನು ಎಂದು ಕಥೆ ಹೇಳುವವನಿಗೆ ಹೇಗೆ ಗೊತ್ತಾಯಿತು? ಅವನೊಬ್ಬನಿಗೆ ಮಾತ್ರ ಪೂರ್ತಿ ಆನೆ ಕಾಣುತ್ತಿರಬೇಕಲ್ಲ! ವಿನಯದ ಕಥೆಯೊಳಗೆ ಎಲ್ಲರಿಗಿಂತ ದೊಡ್ಡ ಅರಿವಿನ ಹಕ್ಕೊಂದು ಅಡಗಿದೆ ಎಂಬುದು ಅವರ ಆಕ್ಷೇಪ. ಸಮರ್ಥರ ಕಡೆಯವರು, ನಮಗೂ ಪೂರ್ತಿ ಕಾಣುತ್ತಿಲ್ಲವೆಂದೇ ನಾವು ಹೇಳುತ್ತಿರುವುದು ಎನ್ನುತ್ತಾರೆ.

ಕಥೋಲಿಕರಲ್ಲಿ ಇದೇ ಎಳೆ ರೋಮಿನವರೆಗೂ ಹೋಯಿತು. ಮೂರು ದಶಕಗಳಿಗೂ ಹೆಚ್ಚು ಕಾಲ ಭಾರತದಲ್ಲಿದ್ದು ಪಾಠ ಹೇಳಿದ ಬೆಲ್ಜಿಯಮ್ಮಿನ ಜೆಸ್ವಿಟ್ ಪಾದ್ರಿ ಜಾಕ್ ದ್ಯುಪುಯಿ, ಧರ್ಮಗಳ ಬಹುತ್ವ ದೇವರ ಯೋಜನೆಯಲ್ಲಿಯೇ ಇರಬಹುದೇ ಎಂದು ಬರೆದದ್ದಕ್ಕಾಗಿ ವಿಚಾರಣೆ ಎದುರಿಸಿದರು. ಅವರ ಬರಹದಲ್ಲಿ ದಾರಿ ತಪ್ಪಿಸಬಹುದಾದ ಅಸ್ಪಷ್ಟತೆಗಳಿವೆ ಎಂದು 2001ರಲ್ಲಿ ವ್ಯಾಟಿಕನ್ ಪ್ರಕಟಣೆ ಹೊರಡಿಸಿತು. 2019ರ ಫೆಬ್ರುವರಿ 4ರಂದು ಅಬುಧಾಬಿಯಲ್ಲಿ ಪೋಪ್ ಫ್ರಾನ್ಸಿಸ್ ಮತ್ತು ಈಜಿಪ್ಟಿನ ಇಸ್ಲಾಮೀ ವಿದ್ಯಾಕೇಂದ್ರ ಅಲ್ ಅಝರಿನ ಮಹಾ ಇಮಾಮರು ಸಹಿ ಮಾಡಿದ ದಾಖಲೆಯಲ್ಲಿ, ಧರ್ಮಗಳ ವೈವಿಧ್ಯ ದೇವರ ವಿವೇಕದ ಇಚ್ಛೆ ಎಂಬ ವಾಕ್ಯವೇ ಬಂತು. ಅದನ್ನು ಬಿಷಪ್ಪರೊಬ್ಬರು ಪ್ರಶ್ನಿಸಿದಾಗ, ಅದು ದೇವರು ನಡೆಯಗೊಡುವ ಇಚ್ಛೆಯೆಂಬ ಅರ್ಥದಲ್ಲಿ ಎಂದು ಪೋಪರು ವಿವರಣೆ ಕೊಟ್ಟರು. ಆ ವಿವರಣೆ ಸಾಲದೆನ್ನುವವರೂ, ಅದರ ಅಗತ್ಯವೇ ಇರಲಿಲ್ಲವೆನ್ನುವವರೂ ಧರ್ಮಸಭೆಯೊಳಗೇ ಇದ್ದಾರೆ.